ಸಂಜೆಗೆ ಎಮ್ಮೆಯ ಪಾಲಾಗುವ ಬಂಡಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ, ತನ್ನ ಮನೆಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ ಅಂಬಮ್ಮ ಒಣಗಿದ ಜೋಳದ ದಂಟೊಂದನ್ನು ಹಲ್ಲಿನಿಂದ ಸೀಳುತ್ತಿದ್ದಾಳೆ. ಪಕ್ಕದಲ್ಲಿ ಕಟ್ಟಿದ ಎಮ್ಮೆ ಅದೇ ದಂಟಿನ ಇನ್ನೊಂದು ತುದಿಗೆ ಬಾಯಿ ಹಾಕಲು ನೋಡುತ್ತದೆ. "ತಡಿಯವ್ವಾ, ಮೊದಲು ಹುಡುಗ್ರು ಆಡಲಿ. ಸಂಜಿಗೆ ಎಲ್ಲಾ ನಿನಗ" ಎಂದು ಆಕೆ ಅದರ ಮೂತಿಯನ್ನು ಮೊಣಕೈಯಿಂದ ಆಚೆ ನೂಕುತ್ತಾಳೆ. ಎಮ್ಮೆಗೆ ಸಮಾಧಾನವಾದಂತೆ ಕಾಣುವುದಿಲ್ಲ.

ದಂಟಿನ ಗಟ್ಟಿ ಸಿಪ್ಪೆ ಒಂದು ಕಡೆ ಬೀಳುತ್ತದೆ, ಒಳಗಿನ ಹಗುರವಾದ ಬೆಂಡು ಇನ್ನೊಂದು ಕಡೆ. ಬೆಂಡನ್ನು ತುಂಡು ಮಾಡಿ, ಸಿಪ್ಪೆಯ ಸೀಳುಗಳನ್ನೇ ಮೊಳೆಯ ಹಾಗೆ ಚುಚ್ಚಿ ಜೋಡಿಸಿದರೆ ನೋಡುನೋಡುತ್ತಿದ್ದಂತೆ ಬಂಡಿಯಾಗುತ್ತದೆ. ಹಾಗೆಯೇ ತಕ್ಕಡಿ, ಕನ್ನಡಕ, ತೊಟ್ಟಿಲು. ಮೊದಲೆಲ್ಲ ಜಾಲಿಮುಳ್ಳು ಚುಚ್ಚುತ್ತಿದ್ದಳಂತೆ. ಒಂದು ದಿನ ಮುಳ್ಳು ಎಮ್ಮೆಯ ವಸಡಿಗೆ ನೆಟ್ಟು, ಅದು ಎರಡು ಹೊತ್ತು ಹಾಲು ಕೊಡದೆ ಮುನಿಸಿಕೊಂಡಿತು. ಅಂದಿನಿಂದ ಮುಳ್ಳಿನ ಕೆಲಸ ಬಂದ್. ಸಿಪ್ಪೆ ಕೈ ಕೊಯ್ಯುತ್ತದೆಂದು ಸೀಳುವುದನ್ನು ತಾನೇ ಮಾಡುತ್ತಾಳೆ, ಚುಚ್ಚಿ ಜೋಡಿಸುವುದನ್ನು ಮಾತ್ರ ಮಕ್ಕಳಿಗೆ ಬಿಡುತ್ತಾಳೆ.

ಆಟದ ಬಂಡಿಗೂ ಎಮ್ಮೆಯ ವಸಡಿಗೂ ಏನು ಸಂಬಂಧ? ಅದನ್ನು ತಿಳಿಯಬೇಕಾದರೆ ಈ ಅಂಗಳದಲ್ಲಿ ಒಂದಿಡೀ ದಿನ ಕೂರಬೇಕು.

ಕಾಲುವೆ ನೀರು ಬಂದ ಮೇಲೆ ದೇಶನೂರಿನ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ನಾಟಿಯ ಕಾಲದಲ್ಲಿ ಹೆಂಗಸರೆಲ್ಲ ಹೊತ್ತು ಮೂಡುವ ಮೊದಲೇ ಕೆಲಸಕ್ಕೆ ಹೊರಡುತ್ತಾರೆ. ಆಗ ಮಕ್ಕಳನ್ನು ಕಾಲುವೆ ದಂಡೆಯ ಮೇಲೆ ಕೂರಿಸಿ ಗದ್ದೆಗಿಳಿಯುವುದು ವಾಡಿಕೆಯಾಗಿತ್ತು. ಒಮ್ಮೆ ನಾಟಿಗೆ ಬಂದಿದ್ದ ವಿರೂಪಮ್ಮನ ಮಗು ಆಡುತ್ತಾ ಕಾಲುವೆಗೆ ಜಾರಿತು. ಯಾರೋ ಜುಟ್ಟು ಹಿಡಿದು ಎಳೆದುಕೊಂಡರು, ಬದುಕಿತು. ಮರುದಿನ ಬೆಳಿಗ್ಗೆ ಅಂಬಮ್ಮ ದಾರಿಗೆ ಅಡ್ಡ ನಿಂತು, ಹುಡುಗರನ್ನು ಇಲ್ಲಿ ಬಿಟ್ಟು ಮುಂದೆ ಹೋಗಿರೆಂದು ಗದರಿಸಿದಳು. ಆಗ ಬಂದವು ನಾಲ್ಕು ಮಕ್ಕಳು. ಈಗ ನಾಟಿಯ ದಿನಗಳಲ್ಲಿ ಹದಿನೆಂಟೋ ಇಪ್ಪತ್ತೋ ಆಗುತ್ತವೆ, ಆಕೆ ಎಣಿಸುವುದಿಲ್ಲ. "ಎಣಿಸಿದ್ರ ದೃಷ್ಟಿ ಆಕ್ಕತ್ರಿ" ಎನ್ನುತ್ತಾಳೆ.

ಇಷ್ಟು ಮಕ್ಕಳನ್ನು ದಿನವಿಡೀ ಹಿಡಿದಿಡುವುದು ಹುಡುಗಾಟವೇ? ಹೌದು, ಹುಡುಗಾಟದಿಂದಲೇ ಹಿಡಿದಿಡುತ್ತಾಳೆ. ಒಂದು ಮೂಲೆಯಲ್ಲಿ ಅಕ್ಕಿ ಗಿರಣಿ ನಡೆದಿದೆ: ಒಡೆದ ಮಡಕೆಯ ಬಾಯಿಗೆ ಮರಳು ಸುರಿಯುವವ ಒಬ್ಬ, ಬಾಯಲ್ಲೇ ಇಂಜಿನ್ನಿನ ಸದ್ದು ಮಾಡುವವ ಇನ್ನೊಬ್ಬ. ಎರಡು ತುದಿ ಸೇರಿಸಿ ಗಂಟು ಹಾಕಿದ ಹುಲ್ಲಿನ ಹಗ್ಗದೊಳಗೆ ಆದೋನಿ ಬಸ್ಸು ತುಂಬಿ ತುಳುಕುತ್ತಿದೆ. ಅದರ ಕಂಡಕ್ಟರ್ ಹುಲಿಗಿ, ಮೂಕಮ್ಮನ ಮಗಳು, ನಾಲ್ಕು ವರ್ಷದವಳು. "ಎಕ್ಕಂಡಿ, ಎಕ್ಕಂಡಿ" ಎಂದು ತೆಲುಗಿನಲ್ಲೇ ಕೂಗಿ ಎಲ್ಲರನ್ನೂ ಹತ್ತಿಸುತ್ತಾಳೆ. ಬೆಂಡಿನ ಕನ್ನಡಕ ಹಾಕಿಕೊಂಡ ಡಾಕ್ಟರು ಅಂಬಮ್ಮನ ಮಂಡಿಗೇ ಸೂಜಿ ಚುಚ್ಚಿ, ಮೂರು ದಿನ ಅನ್ನ ತಿನ್ನಬೇಡವೆಂದು ಪಥ್ಯ ಹೇಳುತ್ತಾನೆ. ಆಕೆ ತಲೆಯಾಡಿಸಿ ಒಪ್ಪಿಕೊಳ್ಳುತ್ತಾಳೆ.

ಹೊತ್ತು ಇಳಿಯುತ್ತಿದ್ದಂತೆ ಬಂಡಿ, ತಕ್ಕಡಿ, ಕನ್ನಡಕ ಎಲ್ಲವನ್ನೂ ಮಕ್ಕಳು ತಾವಾಗಿ ಎತ್ತಿಕೊಂಡು ಹೋಗಿ ಎಮ್ಮೆಯ ಮುಂದೆ ಹಾಕುತ್ತಾರೆ. ಎಮ್ಮೆ ಕಣ್ಣು ಮುಚ್ಚಿ ಅಗಿಯುತ್ತದೆ. ಒಂದು ಮಗುವೂ ಅಳುವುದಿಲ್ಲ. ಅಯ್ಯೋ ಎನ್ನುವುದು ನೋಡುವವರು ಮಾತ್ರ.

ಈ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಮೊದಲು ಆಟಿಕೆಗಳನ್ನೆಲ್ಲ ಬುಟ್ಟಿಯಲ್ಲಿ ತೆಗೆದಿಡುತ್ತಿದ್ದಳು. ಒಂದು ಚಂದದ ಬಂಡಿಗಾಗಿ ಇಬ್ಬರು ಮಕ್ಕಳು ಜಗಳಾಡಿದರು, ಅದು ಅವರ ತಾಯಂದಿರಾದ ವಿರೂಪಮ್ಮ ಮತ್ತು ಮೂಕಮ್ಮರವರೆಗೆ ಹೋಯಿತು. ಬಾವಿಕಟ್ಟೆಯಲ್ಲಿ ಕೊಡಕ್ಕೆ ಕೊಡ ಬಡಿದರು. ಒಂದು ಸುಗ್ಗಿ ಕಳೆದರೂ ಇಬ್ಬರಿಗೂ ಮಾತಿಲ್ಲ. ಅದಕ್ಕೇ ಅಂಬಮ್ಮ ಒಂದು ಉಪಾಯ ಹೂಡಿದಳು. ಭತ್ತ ಬಂದ ಮೇಲೆ ದೇಶನೂರಿನಲ್ಲಿ ಜೋಳದ ಬೆಳೆ ನಿಂತುಹೋಗಿದೆ. ಈ ಒಣ ದಂಟಿನ ಸೊಪ್ಪೆಯನ್ನು ತವರೂರು ಕೊಳಗಲ್ಲಿನಿಂದ ಅಂಬಮ್ಮನ ಅಣ್ಣ ಎಮ್ಮೆಗಾಗಿ ಲಾರಿಯಲ್ಲಿ ಹಾಕಿ ಕಳಿಸುವುದು. "ತವರಿನ ಸೊಪ್ಪಿ ಎಮ್ಮೀದು. ನಾವು ಅದರ ಕಡಿಂದ ಹಗಲಿಗೆ ಕಡ ತಗೊಂಡೀವಿ. ಸಂಜಿಗೆ ತಿರುಗಿ ಕೊಡಬೇಕು" ಎಂದು ಮಕ್ಕಳಿಗೆ ಹೇಳಿದಳು. ಮಕ್ಕಳು ನ್ಯಾಯ ಒಪ್ಪಿಕೊಂಡರು. ಒಪ್ಪದೆ ಗೊಣಗುವವನು ಗಂಡ ಗಾದಿಲಿಂಗಪ್ಪ ಒಬ್ಬನೇ. ಅಗಿದ ಬಂಡಿಗಳಿಂದ ಹಾಲು ತೆಳ್ಳಗಾಗಿದೆ ಎಂಬುದು ಆತನ ದೂರು.

ಈ ವರ್ಷ ಊರಿಗೆ ಬಾಲವಾಡಿ ಬರುತ್ತದೆಂದು ಸುದ್ದಿಯಾಯಿತು. ಹಳೇ ಚಾವಡಿಯ ಕೋಣೆ, ಗಾಳಿ ಬೆಳಕು, ಸೋರದ ಮಾಳಿಗೆ. ನಡೆಸುವವರು ಏಳನೇ ಇಯತ್ತೆ ಪಾಸಾಗಿರಬೇಕಂತೆ. ಅಂಬಮ್ಮ ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಹುಡುಗರೆಲ್ಲ ಆ ಕಡೆ ಹೋದರೆ ಈ ಅಂಗಳದಲ್ಲಿ ಉಳಿಯುವುದು ತಾನು ಮತ್ತು ಎಮ್ಮೆ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲದ ಆಕೆಗೆ ಅದನ್ನು ನೆನೆಸಿಕೊಳ್ಳುವುದೂ ಆಗಲಿಲ್ಲ. ಬಾಲವಾಡಿಗೆ ಜನ ಗೊತ್ತುಮಾಡುವ ಗ್ರಾಮಸೇವಿಕೆ ಸೀತಾಬಾಯಿ ನೋಡಲು ಬರುತ್ತಾರೆ, ನಿನ್ನ ಕೈಚಳಕ ತೋರಿಸು, ಅವತ್ತೊಂದು ದಿನ ಆಟಿಕೆ ಎಮ್ಮೆಗೆ ಹಾಕಬೇಡ ಎಂದು ತಾಯಂದಿರು ಮತ್ತೆ ಮತ್ತೆ ಹೇಳಿದರು.

ಅಂದು ಅಂಬಮ್ಮ ಮನಸ್ಸಿಟ್ಟು ಮಾಡಿದಳು: ಜೋಡೆತ್ತಿನ ಬಂಡಿ, ಏಣಿ, ತಿರುಗುವ ರಾಟೆ. ಸಿರುಗುಪ್ಪದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಸೀತಾಬಾಯಿ ತಡ ಮಾಡಿದರು. ಹೊತ್ತು ಇಳಿಯಿತು. ಬರುವವರ ಮುಂದೆ ಹರಕು ಸೀರೆ ಬೇಡವೆಂದು ಅಂಬಮ್ಮ ಬದಲಿಸಲು ಒಳಗೆ ಹೋದಳು. ಅಷ್ಟೇ ಸಾಕಾಯಿತು. ದಿನದ ಕಟ್ಟಳೆಯನ್ನು ಮಕ್ಕಳು ಶಿಸ್ತಾಗಿ ಮುಗಿಸಿಬಿಟ್ಟರು. ಆಕೆ ಸೆರಗು ಸರಿ ಮಾಡಿಕೊಳ್ಳುತ್ತಾ ಹೊರಗೆ ಬಂದಾಗ ಬಾಗಿಲಲ್ಲಿ ಸೀತಾಬಾಯಿ ನಿಂತಿದ್ದರು. ಎಮ್ಮೆಯ ಬಾಯಿಯ ಮೂಲೆಯಲ್ಲಿ ಬಂಡಿಯ ನೊಗ ಮಾತ್ರ ಇಣುಕುತ್ತಿತ್ತು.

ಆಟಿಕೆಗಳು ಎಲ್ಲಿ ಎಂದು ಅವರು ಕೇಳಿದರು.

"ಎಮ್ಮಿ ತಿಂತ್ರೀ" ಎಂದಳು ಅಂಬಮ್ಮ. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಸೀತಾಬಾಯಿ ಸುಸ್ತಾಗಿ ಕಟ್ಟೆಯ ಮೇಲೆ ಕೂತರು. ಅಷ್ಟರಲ್ಲಿ ಹುಲಿಗಿ ಬರಿಗೈಯನ್ನು ಜೋಪಾನವಾಗಿ ಹಿಡಿದು, ಚೆಲ್ಲೀತೆಂದು ಮೆಲ್ಲಗೆ ಹೆಜ್ಜೆಯಿಡುತ್ತಾ ಬಂದಳು. "ಚಾ ತಗೋರಿ ಅಕ್ಕಾರ. ಬಿಸಿ ಐತಿ." ಸೀತಾಬಾಯಿ ಎರಡು ಬೆರಳಿನಿಂದ ಇಲ್ಲದ ಬಟ್ಟಲನ್ನು ಹಿಡಿದು, ಊದಿ, ಕುಡಿದು, ಸಕ್ಕರೆ ಹೆಚ್ಚಾಯಿತು ಎಂದರು. ಹುಲಿಗಿಗೆ ಸಿಟ್ಟು ಬಂತು. ತಮ್ಮ ಅಂಗಡಿಯದು ಬೆಲ್ಲದ ಚಹಾ ಎಂದು ಮುಖ ಉಬ್ಬಿಸಿದಳು. ಹಿಂದೆಯೇ ಗಿರಣಿ ಶುರುವಾಯಿತು, ಬಸ್ಸು ಹೊರಟಿತು. ಯಾರ ಕೈಯಲ್ಲೂ ಒಂದು ಕಡ್ಡಿಯಿಲ್ಲ. ಒಬ್ಬ ಗಾಳಿಯನ್ನೇ ತಬ್ಬಿ ಹೊರೆ ಕಟ್ಟಿಕೊಂಡು ಹೋಗಿ ಎಮ್ಮೆಯ ಮುಂದೆ ಇಳಿಸಿದ. ಸೀತಾಬಾಯಿ ನಕ್ಕೂ ನಕ್ಕೂ ಕಡೆಯ ಬಸ್ಸಿನ ಹೊತ್ತು ಮರೆತರು.

ಕಾನೂನನ್ನು ಅವರು ಬದಲಿಸಲಾರರು. ಅಕ್ಷರ ಕಲಿಸಲು ಓದಿದ ಹುಡುಗಿಯೊಬ್ಬಳು ಸಿರುಗುಪ್ಪದಿಂದ ಬರುತ್ತಾಳೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಮಕ್ಕಳನ್ನು ನೋಡಿಕೊಳ್ಳುವ ಆಯಾ ಅಂಬಮ್ಮನೇ ಆಗಬೇಕೆಂದು ಹಟ ಹಿಡಿದು ಮೇಲಿನವರನ್ನು ಒಪ್ಪಿಸಿದರು. ದಸರಾ ಕಳೆದ ಮೇಲೆ ಕೋಣೆ ತೆರೆಯುತ್ತದೆ. ತಗಡಿನ ಬಣ್ಣದ ಆಟಿಕೆಗಳನ್ನೂ ಕಳಿಸುತ್ತೇವೆ, ಇನ್ನೇನು ಬೇಕು ಹೇಳು ಎಂದು ಕೇಳಿದ್ದಾರೆ.

ಅಂಬಮ್ಮ ಒಂದೇ ಬೇಡಿಕೆ ಇಟ್ಟಿದ್ದಾಳೆ. ಅದನ್ನು ಹೇಳುವಾಗಲೂ ಕೈ ದಂಟು ಸೀಳುತ್ತಲೇ ಇದೆ. "ತಗಡಿನವು ಬ್ಯಾಡ್ರಿ, ಎಮ್ಮಿ ತಿನ್ನಂಗಿಲ್ಲ. ಚಾವಡಿ ಬಾಗಲದಾಗ ಎಮ್ಮಿ ಕಟ್ಟಾಕ ಒಂದು ಗೂಟ ಹೊಡಿಸಿಕೊಡ್ರಿ ಸಾಕು. ಸಂಜಿಗೆ ಹುಡುಗ್ರು ಬರಿಗೈಲೆ ಮನಿಗೆ ಹೋಗಬೇಕ್ರಿ. ಅಂದ್ರನ ಹೊಸಾ ಬಂಡಿ ಮಾಡಾಕ ಮರುದಿನ ಬರ್ತಾರ."