ಚಂದ್ರಿಕಾ ಅವರ ನಂಬರ್

ಫ್ರೆಂಡ್ಸ್, ನನ್ನ ಮೊದಲ ಇ-ಪುಸ್ತಕ ಕೊಂಡಿದ್ದ ಮಾವನ ಗೆಳೆಯರೊಬ್ಬರು ಇವತ್ತು ಧನಗೆರೆಯಿಂದ ಫೋನ್ ಮಾಡಿದ್ದರು!

"ತಾಯಿ, ನಮ್ ರೇಸ್ಮೆ ಉಳ ಅಣ್ಣಾಗವೆ. ಚಂದ್ರಿಕಾ ಅವ್ರು ಯಾವ ಬಸ್ಸಿಗೆ ಬತ್ತಾರೆ?"

ಪುಸ್ತಕ ರೇಷ್ಮೆ ಸಾಕಣೆಯದು. ಕೊಳ್ಳೇಗಾಲದ ಸೊಸೆಯಾಗಿ ಇನ್ನೂ ತಿಂಗಳಾಗಿಲ್ಲ, ಮನೆಗೊಂದಿಷ್ಟು ಹೆಚ್ಚಿನ ಸಂಪಾದನೆಯಾಗಲಿ ಎಂದು ಮಾವ ಹೇಳಿದ್ದನ್ನೆಲ್ಲ ಟೈಪ್ ಮಾಡಿ ಮಾರಾಟಕ್ಕಿಟ್ಟಿದ್ದೆ. ಮುಖಪುಟದಲ್ಲಿ ಅವರದೇ ಹೆಸರು. "ಉಳ ಅಣ್ಣಾದ್ಮೇಲೆ ಚಂದ್ರಿಕೆಗೆ ಬುಡ್ಬೇಕು" ಎಂದಿದ್ದರು. ಯಾರೋ ಅನುಭವಸ್ಥ ಆಂಟಿ ಇರಬೇಕೆಂದು ನಾನು ಮರ್ಯಾದೆಯಿಂದ, "ಹುಳು ಹಣ್ಣಾದ ಮೇಲೆ ಚಂದ್ರಿಕಾ ಅವರಿಗೆ ಬಿಡಬೇಕು" ಎಂದು ಬರೆದಿದ್ದೆ.

"ಮಾವ, ಚಂದ್ರಿಕಾ ಆಂಟಿ ನಂಬರ್ ಕೊಡಿ" ಎಂದೆ.

ಮಾವ ಗೋಡೆಗೆ ಒರಗಿಸಿದ್ದ ದೊಡ್ಡ ಬಿದಿರಿನ ತಟ್ಟಿಯತ್ತ ಕೈ ತೋರಿಸಿದರು. "ಇವ್ಳೇ ಕಣವ್ವ ಚಂದ್ರಿಕೆ. ಅಣ್ಣಾದ ಉಳ ಗೂಡು ಕಟ್ಟೋದು ಇವಳ ಮೇಲೇಯ."

ಮದುವೆಯ ಮರುದಿನ ನಾನು ಅದಕ್ಕೇ ಚೆಂಡುಹೂ ಸಿಕ್ಕಿಸಿ, ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೆ!

ಇಷ್ಟು ವರ್ಷ ರೇಷ್ಮೆ ಬೆಳೆದ ಮಾವನನ್ನು ನೋಡಿ ನನ್ನಿಂದಾಗಿ ಊರೇ ನಗುತ್ತದಲ್ಲಾ ಎಂದು ಸಂಕಟವಾಯಿತು. ಪುಸ್ತಕ ತೆಗೆದುಬಿಡುತ್ತೇನೆ ಎಂದೆ. ಫೋನಿನ ಆ ಕಡೆ ಗೆಳೆಯರು ಇನ್ನೂ ನಗುತ್ತಲೇ ಇದ್ದರು. ಮಾವ ಫೋನ್ ಇಸಿದುಕೊಂಡರು. "ನಗಾಡ್ಬ್ಯಾಡ ಕಣ್ಲಾ. ನಾನೇಳಿದ್ನ ಕೂತ್ಕಂಡು ಕೇಳಿ ಬರ್ಕಂಡೋಳು ನಮ್ಮನೇಲಿ ಇವ್ಳೊಬ್ಳೇಯ."

ಅಷ್ಟಕ್ಕೇ ಅತ್ತುಬಿಟ್ಟೆ. ಎಂಥ ಮನೆ ಸಿಕ್ಕಿದೆ ನನಗೆ!

ತಿದ್ದಿದ ಪ್ರತಿಯನ್ನು ಕೊಂಡವರಿಗೆಲ್ಲ ಈಗಷ್ಟೇ ಕಳಿಸಿದೆ. ಕೃತಜ್ಞತೆಯ ಪುಟದಲ್ಲಿ ಮಾತ್ರ ಚಂದ್ರಿಕಾ ಅವರನ್ನು ಹೊಸದಾಗಿ ಸೇರಿಸಿದ್ದೇನೆ. ಮಾವನದೇ ಅಪ್ಪಣೆ: "ಇಷ್ಟು ವರ್ಸ ಈ ಮನೆ ಸಾಕವ್ಳೆ, ಅವಳ ಎಸ್ರೂ ಒಂದಿರ್ಲಿ ಬುಡು."