ಹುಣಸೆ ಮರಕ್ಕೆ ಹಗ್ಗ ಕೊಡುವವರು ಯಾರು?

ಸಭಾಸದರೇ, ಶಾಂತರಾಗಿ! ನಿಜಾಮನ ಆಳ್ವಿಕೆ ಮುಗಿದ ಮೇಲಿನ ಮೊದಲ ಹುಣಸೆ ಸುಗ್ಗಿ ಇಂದು ನಮ್ಮೂರು ಮೋರಖಂಡಿಯಲ್ಲಿ ಒಂದು ಹಗ್ಗಕ್ಕಾಗಿ ನಿಂತುಹೋಯಿತು. ಹಗ್ಗ ಕೊಟ್ಟವನೇ ಮರದಿಂದ ಬಿದ್ದವನ ಮನೆ ನೋಡಿಕೊಳ್ಳಬೇಕು. ನಮ್ಮ ಕಡೆಯ ವಿಮೆ ಅದೇ.

“ಗಿಡ ನಿಮ್ಮದು, ಹಗ್ಗಾನೂ ನೀವೇ ಕೊಡ್ರಿ ಧಣಿ,” ಎಂದ ಹುಮನಾಬಾದಿನ ಗುತ್ತೇದಾರ.

“ಆಳು ತಂದಾಂವ ನೀನು, ನೀನೇ ಕೊಡಪ್ಪ,” ಎಂದ ಮರದ ಮಾಲೀಕ.

ಮರ ಹತ್ತುವ ಮಲ್ಲಪ್ಪ ಬರಿಗೈಲಿ ನಿಂತಿದ್ದ. ಹಣ್ಣಿನಲ್ಲಿ ಆ ಇಬ್ಬರಿಗೂ ಪಾಲು, ಮುರಿದರೆ ಮಾತ್ರ ಇವನ ಕಾಲು! ಕೊನೆಗೆ ಅವನು ಮಾಲೀಕನನ್ನೇ ಕೇಳಿದ: “ನಾ ಬಿದ್ರ ಮನಿಗೆ ಜ್ವಾಳ ಯಾರು ಕಳಸ್ತೀರಿ? ನಿಮ್ಮಪ್ಪಾರು ಇದ್ದಾಗ ಗಿಡಕ್ಕ ಹಗ್ಗ ಮೊದಲ ಬರ್ತಿತ್ತು, ನಾವು ಆಮ್ಯಾಲ ಬರ್ತಿದ್ವಿರಿ.”

ಆ ಮಾಲೀಕ ನಾನೇ. ಅಪ್ಪನ ಹಗ್ಗ ತಂದುಕೊಟ್ಟು, ಮಲ್ಲಪ್ಪ ಇಳಿಯುವ ತನಕ ಮರದ ಬುಡದಿಂದ ಕದಲಲಿಲ್ಲ.