ಎರೆಭೂತದ ಮೊಟ್ಟೆ ಮತ್ತು ನನ್ನ ಸುಣ್ಣ ಬಳಿದ ಕಲ್ಲುಗಳು

೧೯೮೬ರಲ್ಲಿ ನಾನು ರಾಣೆಬೆನ್ನೂರು ಸೀಮೆಯಲ್ಲಿ ಅರಣ್ಯದ ರೇಂಜ್ ಆಫೀಸರ್ ಆಗಿದ್ದೆ. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ನಮ್ಮ ಹುಲ್ಲುಗಾವಲಿಗೆ ತಾಗಿಕೊಂಡೇ ಒಂದು ಕಲ್ಲಿನ ಕ್ವಾರಿ ಇತ್ತು. ಅದನ್ನು ಮುಚ್ಚಿಸಬೇಕೆಂಬ ಹಠ ನನಗೆ, ನಡೆಸಲೇಬೇಕೆಂಬ ಹಠ ಅದರ ಮಾಲೀಕರಿಗೆ. ನಡುವೆ ಜಲ್ಲಿ ಒಡೆಯುವ ಮೂವತ್ತು ಹೆಣ್ಣುಮಕ್ಕಳ ಹೊಟ್ಟೆಪಾಡು.

ಆ ಜುಲೈನಲ್ಲಿ ಅವರಲ್ಲೊಬ್ಬಳಾದ ಹನುಮವ್ವ ಆಫೀಸಿಗೆ ಬಂದು, ಕ್ವಾರಿ ಅಂಚಿನ ಹುಲ್ಲಿನಲ್ಲಿ ಎರೆಭೂತ ಮೊಟ್ಟೆಯಿಟ್ಟಿದೆ ಎಂದಳು. ಸೊಂಟದೆತ್ತರದ ಈ ಹಕ್ಕಿ ಆಗಲೇ ಅಳಿವಿನಂಚಿಗೆ ಬಂದಿತ್ತು. ಗೂಡು ಕಟ್ಟದೆ ಬರಿನೆಲದ ಮೇಲೆ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ಹೆಣ್ಣಾಳುಗಳು ಹತ್ತು ದಿನದಿಂದ ಬುಟ್ಟಿ ಹೊತ್ತು, ಮೊಟ್ಟೆಗೆ ಕಾಲು ತಾಗದಂತೆ ಸುತ್ತುಬಳಸಿ ಓಡಾಡುತ್ತಿದ್ದರಂತೆ.

ನನಗೆ ಹಿಗ್ಗೋ ಹಿಗ್ಗು. ಮದ್ದು ಸಿಡಿಸುವುದನ್ನು ನಿಲ್ಲಿಸಿದೆ. ಮರಿಯಾಗುವವರೆಗೆ ಮಾತ್ರ ಎಂದಾಗ ಮಾಲೀಕರು ಗೊಣಗುತ್ತಲೇ ಒಪ್ಪಿದರು. ಇನ್ನು ಜಾಗ ಗುರುತಿಸಬೇಕು. ನಮ್ಮ ಕೆಲಸದಲ್ಲಿ ಗಡಿ ಎಂದರೆ ಸುಣ್ಣ ಬಳಿದ ಕಲ್ಲು. ಅದಿಲ್ಲದೆ ನಕ್ಷೆಯೂ ಇಲ್ಲ, ಆದೇಶವೂ ಇಲ್ಲ.

"ಬ್ಯಾಡ್ರಿ ಸಾಹೇಬ್ರ," ಎಂದಳು ಹನುಮವ್ವ. "ಅದಕ್ಕ ನಮ್ಮ ರೂಢಿ ಆಗೇತಿ. ಬಿಳೀ ಕಲ್ಲು ಕಂಡ್ರ ಬೆದರತೈತಿ."

ಹಕ್ಕಿಯ ಪಾಠ ಇವಳಿಂದ ಕಲಿಯಬೇಕೇ ಎನ್ನಿಸಿತು ನನಗೆ. ಅದು ಮೇಯಲು ಹೋದಾಗ ಸುತ್ತ ಹನ್ನೆರಡು ಕಲ್ಲು ಇಡಿಸಿದೆ. ಹಕ್ಕಿ ಮರಳಿತು, ದೂರದಲ್ಲೇ ಬಹಳ ಹೊತ್ತು ನಿಂತು ನೋಡಿತು, ಹಾಗೇ ತಿರುಗಿ ನಡೆಯಿತು. ಮರುದಿನ ಹೋಗಿ ನೋಡಿದರೆ ಕಾಗೆಗಳು ಮೊಟ್ಟೆ ಒಡೆದಿದ್ದವು.

ವರದಿ ಬರೆಯಬೇಕಿತ್ತು. ನಿಜ ಬರೆದರೆ ಕ್ವಾರಿಗೆ ಬಲ ಬರುತ್ತದೆ, ಉಳಿದ ಹಕ್ಕಿಗಳ ನೆಲವೂ ಹೋಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಕ್ವಾರಿಯ ಸದ್ದಿಗೆ ಹಕ್ಕಿ ಮೊಟ್ಟೆ ತೊರೆದಿದೆ ಎಂದು ಬರೆದು ಸಹಿ ಹಾಕಿದೆ. ಕ್ವಾರಿ ಮುಚ್ಚಿತು. ಹೆಣ್ಣಾಳುಗಳು ಕೆಲಸ ಹುಡುಕಿಕೊಂಡು ಚದುರಿಹೋದರು.

ನಾಲ್ಕು ವರ್ಷದ ಮೇಲೆ ಬ್ಯಾಡಗಿಯ ಒಂದು ಅಂಗಳದಲ್ಲಿ ಹನುಮವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ಘಾಟಿಗೆ ಕಣ್ಣು ಕೆಂಪಾಗಿದ್ದವು. ಬೈದರೆ ಬೈಯಲಿ ಎಂದುಕೊಂಡೇ ಹತ್ತಿರ ಹೋದೆ. ಅವಳು ಕ್ವಾರಿಯ ಮಾತೇ ಎತ್ತಲಿಲ್ಲ.

"ಎರಿಭೂತ ತಿರುಗಿ ಬಂತೇನ್ರಿ ಸಾಹೇಬ್ರ?" ಎಂದು ಕೇಳಿದಳು.

ಇಲ್ಲ ಎಂದೆ. ನಾಚಿಕೆಯಾಯಿತು. ಆ ಹಕ್ಕಿಯ ಪರ ನಿಂತವನು ನಾನೊಬ್ಬನೇ ಎಂದು ತಿಳಿದಿದ್ದೆ. ಅದಕ್ಕಿದ್ದ ಮೂವತ್ತು ಕಾವಲುಗಾರರನ್ನು ನಾನೇ ಓಡಿಸಿದ್ದೆ ಎಂಬುದನ್ನು ಅವಳ ಪ್ರಶ್ನೆ ನನಗೆ ಆ ಅಂಗಳದಲ್ಲಿ ಕಲಿಸಿತು.